ಹಿರಿಯರ ಮರೆವು ಮತ್ತು ಶ್ರಾವಕರ ವೈಯಾವೃತ್ಯ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಜಿನಬಿಂಬ ಪ್ರತಿಷ್ಠೆಯು ಕೆಲವು ದಿನಗಳ ಕಾರ್ಯ. ಪ್ರತಿಷ್ಠೆಯಾದ ಬಿಂಬದ ಪೂಜೆಯು ನಿತ್ಯದ ಕಾರ್ಯ. ಪಂಚಕಲ್ಯಾಣದ ಉತ್ಸಾಹದಲ್ಲಿ ಸಾವಿರಾರು ಕೈಗಳು ಕೂಡಿಬರುತ್ತವೆ. ಮಂಟಪ ಬಿಚ್ಚಿದ ಮರುದಿನದಿಂದ ಅಭಿಷೇಕದ ನೀರು ಹೊತ್ತು ತರುವ ಕೈಗಳು ಒಂದೋ ಎರಡೋ ಉಳಿಯುತ್ತವೆ. ಬಸದಿಯನ್ನು ನೂರಾರು ವರ್ಷ ಉಳಿಸಿಕೊಂಡು ಬಂದವು ಆ ಒಂದೆರಡು ಕೈಗಳೇ ಎಂಬುದನ್ನು ಹಿರಿಯರೆಲ್ಲರೂ ಬಲ್ಲರು. ಮನೆಯಲ್ಲಿರುವ ವೃದ್ಧರ ವಿಷಯವೂ ಹೀಗೆಯೇ ಆಗಿದೆ. ತಂದೆಯ ಎಪ್ಪತ್ತೈದನೆಯ ವರ್ಷಕ್ಕೆ ಊರಿಗೆಲ್ಲ ಊಟ ಹಾಕಿಸುವ ಮಕ್ಕಳಿದ್ದಾರೆ. ಅದರ ಮರುದಿನ ಆ ತಂದೆಯ ಹತ್ತಿರ ಅರ್ಧ ತಾಸು ಕುಳಿತು ಮಾತನಾಡುವವರು ವಿರಳ. ಆ ತಂದೆಗೋ ತಾಯಿಗೋ ಮರೆವು ಆರಂಭವಾಗಿದ್ದರಂತೂ ಕುಳಿತುಕೊಳ್ಳುವವರು ಇಲ್ಲವೇ ಇಲ್ಲವೆನ್ನಬಹುದು. ಇಂದಿನ ಮಾತು ಆ ಮರೆವನ್ನು ಕುರಿತದ್ದು.

ಧಾರವಾಡ ಸೀಮೆಯಲ್ಲಿ ‘ಅರವತ್ತಕ್ಕ ಅರಳುಮರಳು’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ವಯಸ್ಸಾದವರಿಗೆಲ್ಲ ಬುದ್ಧಿ ಮಂಕಾಗುವುದಿಲ್ಲವೆಂಬುದು ಒಂದು. ಯಾರಿಗೆ ಮಂಕಾಗುತ್ತದೆಯೋ ಅವರಿಗೆ ಅದು ವಯಸ್ಸಿನ ಸಹಜ ಗುಣವಾಗಿರದೆ ಮೆದುಳಿನ ರೋಗವಾಗಿರುತ್ತದೆ ಎಂಬುದು ಇನ್ನೊಂದು. ವೈದ್ಯರು ಇದನ್ನು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಇದರ ಬಗೆಗಳು ಹಲವು. ಹೆಚ್ಚಾಗಿ ಕಾಣುವುದು ಅಲ್ಜೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರನು 1906ರಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ಈ ಹೆಸರು ಬಂದಿತು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ಅಂದಾಜು ಮಾಡಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು. ಬಸದಿಯ ಅಂಗಳದಲ್ಲಿ ನೂರು ಮಂದಿ ವೃದ್ಧರು ಕುಳಿತಿದ್ದರೆ ಅವರಲ್ಲಿ ಏಳು ಜನ ಈ ಕಷ್ಟದಲ್ಲಿರಬಹುದೆಂದು ತಿಳಿಯಬೇಕು.

ಅಣ್ಣಿಗೇರಿಯ ಕಡೆಯ ಹಳ್ಳಿಯ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಇದು ಇಂತಹವರದೇ ಮನೆಯೆಂದು ಬೆರಳು ತೋರಿಸುವ ಮಾತಲ್ಲ. ಹಲವು ಮನೆಗಳ ಸಂಗತಿಯನ್ನು ಕೂಡಿಸಿ ಹೇಳುವ ದೃಷ್ಟಾಂತ. ಮನೆಯ ಯಜಮಾನರಿಗೆ ಎಪ್ಪತ್ನಾಲ್ಕು ವರ್ಷ. ನಲವತ್ತು ವರ್ಷ ಹತ್ತಿ ಮತ್ತು ಕಡಲೆಯ ಅಡತಿ ವ್ಯಾಪಾರ ನಡೆಸಿದವರು. ಒಂದು ಹಿಡಿ ಕಡಲೆಯನ್ನು ಅಂಗೈಯಲ್ಲಿ ತಿರುವಿ ನೋಡಿದರೆ ಮಾಲಿನ ಗುಣವನ್ನು ಹೇಳಬಲ್ಲವರೆಂದು ಪೇಟೆಯಲ್ಲಿ ಹೆಸರು. ಬೆಳಗಿನ ಅಭಿಷೇಕಕ್ಕೆ ಒಂದು ದಿನವೂ ತಪ್ಪಿದವರಲ್ಲ. ಒಂದು ವರ್ಷ ಅವರು ಹಮಾಲರಿಗೆ ಕೊಟ್ಟ ಕೂಲಿಯನ್ನೇ ಮತ್ತೆ ಕೊಟ್ಟರು. ಕೆಲವು ದಿನ ಕಳೆದ ಮೇಲೆ ಕಿರ್ದಿ ಬರೆಯುತ್ತ ಬರೆಯುತ್ತ ಕೈ ನಿಂತಿತು. ಮನೆಯಲ್ಲಿ, ‘ಇವತ್ತು ಕಡಲಿ ದರ ಎಷ್ಟಾತು?’ ಎಂದು ಒಂದೇ ತಾಸಿನಲ್ಲಿ ಹತ್ತು ಸಲ ಕೇಳತೊಡಗಿದರು. ‘ಈಗ ಹೇಳಿದೆನಲ್ರೀ ಅಪ್ಪಾರ, ಇನ್ನೆಷ್ಟು ಸಲ ಹೇಳಬೇಕ್ರೀ?’ ಎಂದು ಮಗನು ಸಿಡುಕಿದನು.

ಒಂದು ಬೆಳಗು ಯಜಮಾನರು ಬಸದಿಯಿಂದ ಹೊರಟು, ಇಪ್ಪತ್ತು ವರ್ಷಗಳ ಹಿಂದೆ ಮಾರಿದ ಹಳೆಯ ಮನೆಯ ಬಾಗಿಲಿಗೆ ಹೋಗಿ ನಿಂತರು. ಕಟ್ಟೆಯ ಮೇಲಿದ್ದ ಹುಡುಗರು ನಕ್ಕರು. ‘ಯಜಮಾನ್ರಿಗೆ ಅರಳುಮರಳು ಹತ್ತೇತಿ’ ಎಂಬ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ಮರುದಿನ ಅವರು ಹಾಸಿಗೆಯಿಂದಲೇ, ‘ಮೊಣಕಾಲು ನೋವು ಅದ, ಬಸದಿಗೆ ಬರೂದಿಲ್ಲಂತ ಹೇಳ್ರಿ’ ಎಂದರು. ಮೊಣಕಾಲಿಗೆ ಏನೂ ಆಗಿರಲಿಲ್ಲ. ರೋಗದ ಆರಂಭದ ಅವಸ್ಥೆಯಲ್ಲಿ ಹಲವು ರೋಗಿಗಳಿಗೆ ತಮ್ಮಿಂದ ಏನೋ ಜಾರಿ ಹೋಗುತ್ತಿದೆಯೆಂಬ ಅರಿವು ಇರುತ್ತದೆ. ನಗೆಗೀಡಾಗುವ ಭಯದಿಂದ ಅವರು ಮಾತು ಕಡಿಮೆ ಮಾಡುತ್ತಾರೆ, ಪೇಟೆ ಬಿಡುತ್ತಾರೆ, ಮದುವೆ-ಮುಂಜಿಗಳನ್ನು ಬಿಡುತ್ತಾರೆ, ಕೊನೆಗೆ ಬಸದಿಯನ್ನೂ ಬಿಡುತ್ತಾರೆ. ಈ ಯಜಮಾನರಿಂದ ಬಸದಿಯನ್ನು ಕಸಿದುಕೊಂಡದ್ದು ರೋಗವಲ್ಲ, ಊರಿನ ನಗು. ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇಂದಿಗೂ ಇಲ್ಲ. ಆದರೆ ಆ ನಗುವಿಗೂ ಅದು ತಂದ ಒಂಟಿತನಕ್ಕೂ ಮದ್ದು ಪ್ರತಿಯೊಂದು ಮನೆಯಲ್ಲಿದೆ. ಅದು ಜೊತೆ. ಇಂದಿನ ಭಾಷಣದ ಸಾರವೆಲ್ಲ ಇಷ್ಟೇ.

ಮರೆತವರನ್ನು ‘ಇನ್ನೇನೂ ತಿಳಿಯದವರು’ ಎಂದು ಎಣಿಸುವುದು ಶಾಸ್ತ್ರಕ್ಕೂ ವಿರುದ್ಧ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದೆ. ವಸ್ತುವಿನ ಮೊದಲ ಗ್ರಹಿಕೆಯು ಅವಗ್ರಹ. ಅದು ಏನೆಂದು ತಿಳಿಯುವ ಇಚ್ಛೆಯು ಈಹಾ. ಇಂತಹದೇ ಎಂಬ ನಿಶ್ಚಯವು ಅವಾಯ. ನಿಶ್ಚಯವಾದುದನ್ನು ಮರೆಯದೆ ಹಿಡಿದಿಡುವುದು ಧಾರಣಾ. ಮರೆವಿನ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಸಡಿಲಗೊಳ್ಳುವುದು ನಾಲ್ಕನೆಯ ಮೆಟ್ಟಿಲು. ಯಜಮಾನರು ಮಗನ ಮಾತನ್ನು ಕೇಳುತ್ತಾರೆ, ಅರ್ಥಮಾಡಿಕೊಳ್ಳುತ್ತಾರೆ, ದರ ಇಳಿದಿದೆಯೆಂದರೆ ಮರುಗುತ್ತಾರೆ. ಹಿಡಿದಿಡುವ ಶಕ್ತಿಯೊಂದು ಕುಂದಿರುತ್ತದೆ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ, ದಿನದ ಕಿರ್ದಿಯಲ್ಲಿ ನೋಂದಾಯಿಸಿದ್ದು ಖತಾವಣಿಗೆ ಏರುತ್ತಿಲ್ಲ. ಆದರೆ ಹಳೆಯ ಖತಾವಣಿಯ ಪುಟಗಳು ಇನ್ನೂ ಸ್ವಚ್ಛವಾಗಿವೆ. ಇಂದು ಬೆಳಿಗ್ಗೆ ಉಂಡದ್ದು ನೆನಪಿಲ್ಲದ ಅವರಿಗೆ ಐವತ್ತು ವರ್ಷದ ಹಿಂದಿನ ಬರಗಾಲದ ಜೋಳದ ದರ ನೆನಪಿದೆ. ಕಿರ್ದಿ ತಪ್ಪಿತೆಂದು ಖತಾವಣಿಯನ್ನು ಬಾವಿಗೆ ಎಸೆಯುವ ವ್ಯಾಪಾರಿ ಎಲ್ಲಿಯಾದರೂ ಇದ್ದಾನೆಯೇ?

ಜ್ಞಾನವು ಆತ್ಮನ ಲಕ್ಷಣ. ಮೋಡವು ಸೂರ್ಯನನ್ನು ಮರೆಮಾಡುತ್ತದೆಯೇ ಹೊರತು ನಾಶಮಾಡುವುದಿಲ್ಲ. ಅತ್ಯಂತ ಕೆಳಗಿನ ನಿಗೋದ ಜೀವಿಯಲ್ಲಿಯೂ ಜ್ಞಾನದ ಒಂದಂಶವು ಮುಚ್ಚದೆ ಉಳಿದಿರುತ್ತದೆಯೆಂದು ಆಚಾರ್ಯರು ಹೇಳಿರುವಾಗ, ಮನೆಯನ್ನು ಕಟ್ಟಿ ಬೆಳೆಸಿದ ಅಜ್ಜನಲ್ಲಿ, ಆಯಿಯಲ್ಲಿ ಅದು ಇಲ್ಲವೆಂದು ತಿಳಿಯುವುದು ಎಂತಹ ಅಜ್ಞಾನ! ಇದನ್ನು ಹಿಂದಿನ ಪಾಪದ ಫಲವೆಂದು ಅವರ ಮುಂದೆಯೇ ಆಡಿಕೊಳ್ಳುವವರೂ ಇದ್ದಾರೆ. ಕರ್ಮಸಿದ್ಧಾಂತವು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಇದೆ. ನೊಂದವರನ್ನು ಇನ್ನಷ್ಟು ನೋಯಿಸಲಿಕ್ಕಲ್ಲ.

ಇಂತಹ ಲಕ್ಷಣ ಕಂಡಾಗ ಮಾಡಬೇಕಾದ ಮೊದಲ ಕೆಲಸ ವೈದ್ಯರಲ್ಲಿಗೆ ಕರೆದೊಯ್ಯುವುದು. ಮರೆವೆಲ್ಲವೂ ಗುಣವಾಗದ ಮರೆವಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಕಿವಿ ಮಂದವಾದವರು ಕೇಳಿಸದೆ ಮರೆತವರಂತೆ ಕಾಣುತ್ತಾರೆ. ಜೈನ ಮನೆತನಗಳು ವಿಶೇಷವಾಗಿ ಗಮನಿಸಬೇಕಾದದ್ದು ಬಿ-12 ಜೀವಸತ್ವದ ಕೊರತೆ. ಇದು ಕಾಳುಕಡಿ, ಕಾಯಿಪಲ್ಲೆಗಳಲ್ಲಿ ದೊರೆಯುವುದಿಲ್ಲ. ಶಾಕಾಹಾರಿಗಳಿಗೆ ಹಾಲು ಮೊಸರುಗಳಿಂದ ಮಾತ್ರ ಸ್ವಲ್ಪ ದೊರೆಯುತ್ತದೆ. ವ್ರತ ಉಪವಾಸಗಳಲ್ಲಿ ಹಾಲು ಮೊಸರನ್ನೂ ತ್ಯಜಿಸಿದ ವೃದ್ಧರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸಿದವರಲ್ಲಿ ಇದರ ಕೊರತೆ ಹೆಚ್ಚು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಬೇಗ ತಿಳಿದರೆ ಚುಚ್ಚುಮದ್ದು, ಗುಳಿಗೆಗಳಿಂದ ಸರಿಪಡಿಸಬಹುದು. ಒಂದು ಸಣ್ಣ ಪರೀಕ್ಷೆಯನ್ನು ಮಾಡಿಸದೆ ತಂದೆಗೆ ಅರಳುಮರಳೆಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಿಂದ ಹುಬ್ಬಳ್ಳಿ-ಧಾರವಾಡಗಳು ಬಹು ದೂರದವಲ್ಲ. ಧಾರವಾಡದಲ್ಲಿ 1845ರಷ್ಟು ಹಿಂದೆ ಆರಂಭವಾದ ಮನೋರೋಗ ಚಿಕಿತ್ಸಾಲಯವು ಬೆಳೆದು ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಜನರು ಅದನ್ನು ಡಿಮ್ಹಾನ್ಸ್ ಎನ್ನುತ್ತಾರೆ. ‘ಅಲ್ಲಿಗೆ ಹೋದರೆ ಹುಚ್ಚರೆಂದಾರು’ ಎಂಬ ಹಳೆಯ ಸಂಕೋಚವನ್ನು ಬಿಡಬೇಕು. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಆಸ್ಪತ್ರೆ, ಸತ್ತೂರಿನ ಎಸ್.ಡಿ.ಎಂ. ಆಸ್ಪತ್ರೆಗಳೂ ಇವೆ. ಮನಸ್ಸಿನ ಕಷ್ಟಗಳಿಗಾಗಿ 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416, ಹಿರಿಯ ನಾಗರಿಕರ ಸಹಾಯವಾಣಿಗೆ 14567 ಎಂಬ ಸಂಖ್ಯೆಗಳಿವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂದವಾದ ಕಣ್ಣು-ಕಿವಿ, ಒಂಟಿತನ ಮುಂತಾದ ಹದಿನಾಲ್ಕು ಕಾರಣಗಳನ್ನು ಜೀವನದುದ್ದಕ್ಕೂ ಸರಿಯಾಗಿ ನೋಡಿಕೊಂಡರೆ ಈ ರೋಗದ ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ವೈದ್ಯಲೋಕದ ಹೆಸರಾಂತ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರಲ್ಲಿ ಹೇಳಿದೆ. ಆ ಪಟ್ಟಿಯಲ್ಲಿ ಒಂಟಿತನವೂ ಸೇರಿದೆ ಎಂಬುದನ್ನು ನೆನಪಿಡಬೇಕು.

ಇನ್ನು ಜೊತೆಯಾಗುವುದು ಹೇಗೆಂಬ ವಿಚಾರ. ದೃಷ್ಟಾಂತದ ಯಜಮಾನರ ನೆರೆಮನೆಯಲ್ಲಿ ನಿವೃತ್ತರಾದ ಶಾಲಾ ಮಾಸ್ತರರೊಬ್ಬರಿದ್ದಾರೆಂದು ತಿಳಿಯಿರಿ. ಅವರು ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ಯಜಮಾನ್ರ, ನಾನು ಮಾಸ್ತರ ಬಂದೀನ್ರಿ, ಬಸದಿಗೆ ಹೋಗೂಣು ಬರ್ರಿ’ ಎನ್ನುತ್ತಾರೆ. ಹೆಸರು ಮತ್ತು ಬಂದ ಕೆಲಸ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಯಜಮಾನರು ಇವರಾರೆಂದು ತಡಕಾಡಬೇಕಾಗುವುದಿಲ್ಲ. ಬಂಧುಗಳು ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧ. ‘ನಾ ಯಾರು ಹೇಳ್ರಿ ನೋಡೂಣು, ಅಜ್ಜಾರ?’ ಎಂದು ಪರೀಕ್ಷೆಗೆ ಕೂಡಿಸುತ್ತಾರೆ. ಪ್ರೀತಿಯಿಂದ ಕೇಳಿದರೂ ಅದು ಮುಳ್ಳಿನಂತೆ ಚುಚ್ಚುತ್ತದೆ. ಜೊತೆಗಾರನು ಪರೀಕ್ಷಕನಾಗಕೂಡದು.

ಮಾಸ್ತರರು ನಿತ್ಯವೂ ಅದೇ ಸಮಯಕ್ಕೆ, ಅದೇ ದಾರಿಯಿಂದ ಕರೆದೊಯ್ಯುತ್ತಾರೆ. ಕೊಡವನ್ನು ಮಾತ್ರ ಯಜಮಾನರ ಕೈಯಲ್ಲಿಯೇ ಕೊಡುತ್ತಾರೆ. ಪೂಜೆಯಲ್ಲಿ ಅವರು ಒಂದೆಡೆ ತಡೆದು ನಿಂತರೆ ಮುಂದಿನ ಮಾತನ್ನು ಮಾಸ್ತರರು ತುಸು ಗಟ್ಟಿಯಾಗಿ ಹೇಳುತ್ತಾರೆ, ಇಬ್ಬರೂ ಕೂಡಿ ಹೇಳಿದಂತಾಗುತ್ತದೆ, ಮೂರನೆಯವರಿಗೆ ತಿಳಿಯುವುದಿಲ್ಲ. ಬಾಲ್ಯದಲ್ಲಿ ಬಾಯಿಪಾಠವಾದ ಣಮೋಕಾರ ಮಂತ್ರ, ಕೈಗೆ ರೂಢಿಯಾದ ಅರ್ಘ್ಯ, ಹಳೆಯ ಭಜನೆಗಳು ಇತ್ತೀಚಿನ ಸಂಗತಿಗಳಿಗಿಂತ ಬಹುಕಾಲ ಉಳಿಯುತ್ತವೆ. ಹಿಂದಿರುಗುವಾಗ ಕಡಲೆಯ ದರವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಮೊದಲನೆಯ ಸಲದ ದನಿಯಲ್ಲಿಯೇ ಉತ್ತರ ದೊರೆಯುತ್ತದೆ. ಕೇಳುವವರಿಗೆ ಪ್ರತಿ ಸಲವೂ ಅದು ಮೊದಲನೆಯ ಸಲವೇ ಅಲ್ಲವೆ?

ಮನೆಯಲ್ಲಿ ಹಿರಿಯರಿಗೆ ಕೆಲಸವಿರಬೇಕು. ಕಡಲೆ ಹಸನು ಮಾಡುವುದು, ಬತ್ತಿ ಹೊಸೆಯುವುದು, ಅಕ್ಷತೆಯ ಅಕ್ಕಿ ಆರಿಸುವುದು, ಮೊಮ್ಮಗನಿಗೆ ಹಳೆಯ ಮಗ್ಗಿ ಹೇಳಿಕೊಡುವುದು ಇವು ಅವರಿಂದ ಆಗತಕ್ಕವು. ಒಂದು ಸಲಕ್ಕೆ ಒಂದೇ ಕೆಲಸ, ಒಂದೇ ಮಾತು ಸಾಕು. ಗೋಡೆಯ ಮೇಲೆ ದೊಡ್ಡ ಅಂಕಿಯ ಗಡಿಯಾರ, ತಿಥಿ ತೋರಿಸುವ ಪಂಚಾಂಗ, ಅಂಗಿಯ ಜೇಬಿನಲ್ಲಿ ಹೆಸರು ಮತ್ತು ಮನೆಯ ದೂರವಾಣಿ ಸಂಖ್ಯೆಯ ಚೀಟಿ ಇರಬೇಕು. ‘ನನ್ನ ಹಣ ಯಾರೋ ಒಯ್ದರು’ ಎಂದಾಗ ವಾದಿಸದೆ ಜೊತೆಗೂಡಿ ಹುಡುಕಬೇಕು; ಅದು ದ್ವೇಷದ ಮಾತಲ್ಲ, ಇಟ್ಟದ್ದನ್ನು ಮರೆತವರ ಅಸಹಾಯಕತೆ. ಸಂಜೆ ಕತ್ತಲಾಗುವಾಗ ಹಲವರಿಗೆ ತಳಮಳ ಹೆಚ್ಚುವುದರಿಂದ ಆ ಹೊತ್ತಿನಲ್ಲಿ ದೀಪ ಬೇಗ ಹಚ್ಚಿ ಒಬ್ಬರು ಹತ್ತಿರವಿರಬೇಕು. ಜನ್ಮವಿಡೀ ರಾತ್ರಿಭೋಜನ ತ್ಯಾಗ ಮಾಡಿದವರು ಉಂಡದ್ದನ್ನು ಮರೆತು ರಾತ್ರಿ ಊಟ ಕೇಳಿದರೆ ಗದರಬಾರದು. ಸೂರ್ಯಾಸ್ತದ ಮೊದಲು ಅವರ ಜೊತೆಗೆ ಕುಳಿತು ನೆಮ್ಮದಿಯಾಗಿ ಉಣ್ಣಿಸುವುದೇ ಅವರ ವ್ರತಕ್ಕೆ ಮಾಡುವ ರಕ್ಷಣೆ. ಸಕ್ಕರೆ ಕಾಯಿಲೆಯಂತಹ ಕಾರಣಗಳಿದ್ದಲ್ಲಿ ವೈದ್ಯರನ್ನೂ ತ್ಯಾಗಿಗಳನ್ನೂ ಮೊದಲೇ ಕೇಳಿಟ್ಟುಕೊಳ್ಳುವುದು ಮೇಲು.

ವ್ಯಾಪಾರಸ್ಥ ಸಮಾಜಕ್ಕೆ ಇನ್ನೊಂದು ಮಾತು ಅವಶ್ಯವಾಗಿದೆ. ಹೊಲ, ಮನೆ, ಬ್ಯಾಂಕಿನ ಠೇವಣಿ, ಮೃತ್ಯುಪತ್ರ ಇವುಗಳ ವ್ಯವಸ್ಥೆಯನ್ನು ಆರಂಭದ ಅವಸ್ಥೆಯಲ್ಲಿಯೇ, ಹಿರಿಯರು ತಿಳಿದು ಒಪ್ಪುವ ಕಾಲದಲ್ಲಿಯೇ, ವೈದ್ಯರ ಮತ್ತು ವಕೀಲರ ಸಲಹೆಯಿಂದ ಅವರ ಇಚ್ಛೆಯಂತೆ ಮಾಡಿಸಬೇಕು. ಮರೆತವರ ಹೆಬ್ಬೆಟ್ಟನ್ನು ಅವರಿಗೆ ತಿಳಿಯದಂತೆ ಕಾಗದದ ಮೇಲೆ ಒತ್ತಿಸಿಕೊಳ್ಳುವುದು ಕಳವು. ಅಂತಹ ಮಗನು ಬಸದಿಗೆ ಚಿನ್ನದ ಕಳಸ ಕೊಟ್ಟರೂ ಅಚೌರ್ಯ ಅಣುವ್ರತವು ಮುರಿದೇ ಇರುತ್ತದೆ. ದೇಶದ ಕಾನೂನೂ ಹಿರಿಯರ ಪಕ್ಷದಲ್ಲಿದೆ. ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಆಸ್ತಿಯನ್ನು ಪಡೆದು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸುವ ಅವಕಾಶ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಅಧಿನಿಯಮದಲ್ಲಿದೆ.

ಈ ಸೇವೆಗೆ ಶಾಸ್ತ್ರದಲ್ಲಿ ವೈಯಾವೃತ್ಯವೆಂದು ಹೆಸರು. ಆರು ಅಭ್ಯಂತರ ತಪಗಳಲ್ಲಿ ಇದೂ ಒಂದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಇದೂ ಒಂದು. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನ, ಅಂದರೆ ರೋಗಪೀಡಿತರೂ ಸೇರಿದ್ದಾರೆ. ಅದು ಮುನಿಸಂಘವನ್ನು ಕುರಿತ ಮಾತೆಂಬುದು ನಿಜ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಶಿಕ್ಷಾವ್ರತಗಳಲ್ಲಿಯೇ ವೈಯಾವೃತ್ಯವನ್ನು ಸೇರಿಸಿದ್ದಾರೆ. ನಿರ್ವಿಚಿಕಿತ್ಸಾ ಅಂಗದ ಉದ್ದಾಯನ ಮಹಾರಾಜನ ಕಥೆಯನ್ನು ಶ್ರಾವಕರು ಬಲ್ಲರು. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದಾಗಲೂ ಅರಸನು ಅಸಹ್ಯಪಡದೆ ತಾನೇ ತೊಳೆದನು. ತಾನು ನೀಡಿದ ಆಹಾರದಲ್ಲಿಯೇ ದೋಷವಿರಬೇಕೆಂದು ತನ್ನನ್ನು ನಿಂದಿಸಿಕೊಂಡನು. ಒಂದೇ ಪ್ರಶ್ನೆಗೆ ಹತ್ತನೆಯ ಸಲ ಉತ್ತರಿಸುವಾಗ ಬೇಸರಪಡದಿರುವುದು ಈ ಕಾಲದ ನಿರ್ವಿಚಿಕಿತ್ಸೆ.

ಆದರೆ ಈ ಭಾರವೆಲ್ಲವೂ ಒಬ್ಬರ ಮೇಲೆಯೇ ಬೀಳಕೂಡದು. ಮಗನು ಪೇಟೆಗೆ ಹೋಗುತ್ತಾನೆ, ಮೊಮ್ಮಕ್ಕಳು ಹುಬ್ಬಳ್ಳಿ-ಬೆಂಗಳೂರುಗಳಲ್ಲಿರುತ್ತಾರೆ. ಹಗಲು-ರಾತ್ರಿ ಉತ್ತರಿಸುವವಳು ಸೊಸೆ. ವೃದ್ಧಪತ್ನಿಯಿದ್ದರೆ ಅವಳ ಬಳಲಿಕೆಯನ್ನು ಕೇಳುವವರೇ ಇಲ್ಲ. ಹುಟ್ಟುವ ಕೂಸಿಗಾಗಿ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಮೊದಲೇ ಹೇಳಿ ಮಾಡಿಸುವ ಮನೆತನಗಳು ಮುಪ್ಪಿಗಾಗಿ ಯಾವ ಸಿದ್ಧತೆಯನ್ನೂ ಮಾಡುವುದಿಲ್ಲ. ಆದ್ದರಿಂದ ಬಸದಿಯ ಪಂಚರಿಗೆ ಒಂದು ವಿನಂತಿ. ಅಭಿಷೇಕಕ್ಕೆ ಮನೆಮನೆಗೆ ಪಾಳಿ ಹಚ್ಚುವಂತೆ, ಊರಿನಲ್ಲಿ ಮರೆವಿನ ಹಿರಿಯರಿರುವ ಮನೆಗಳಿಗೂ ಪಾಳಿ ಹಚ್ಚಬೇಕು. ಒಬ್ಬರು ವಾರಕ್ಕೆ ಒಂದು ತಾಸು ಕೊಟ್ಟರೂ ಏಳು ಜನರಿಂದ ಹಿರಿಯರಿಗೆ ನಿತ್ಯವೂ ಒಂದು ತಾಸಿನ ಜೊತೆ ದೊರೆಯುತ್ತದೆ. ಸೊಸೆಗೆ ನಿತ್ಯವೂ ಒಂದು ತಾಸಿನ ಬಿಡುವು ದೊರೆಯುತ್ತದೆ. ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ, ರಸೀದಿ ಪುಸ್ತಕ ಬೇಡ. ರೋಗವು ಮುಂದುವರಿದು ಹೆಚ್ಚಿನ ಶುಶ್ರೂಷೆ ಬೇಕಾಗುವ ಕಾಲ ಬರುವುದುಂಟು. ಆಗಲೂ, ಆರಂಭದಿಂದ ಜೊತೆಗಿದ್ದವರ ದನಿಯು ಹಿರಿಯರಿಗೆ ಪರಿಚಯದ ಆಸರೆಯಾಗಿರುತ್ತದೆ.

ಅಣ್ಣಿಗೇರಿಯ ಮಾತಿನಿಂದ ಆರಂಭವಾದ ದೃಷ್ಟಾಂತವನ್ನು ಅಣ್ಣಿಗೇರಿಯ ಇನ್ನೊಂದು ನೆನಪಿನಿಂದಲೇ ಮುಗಿಸುವುದು ಯೋಗ್ಯ. ಆದಿಕವಿ ಪಂಪನ ತಮ್ಮನಾದ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ, ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಶಾಸನವನ್ನು ಬರೆಯಿಸಿದನು. ಜಿನಬಿಂಬಗಳನ್ನು ಮಾಡಿಸಿದ ಪುಣ್ಯಕಾರ್ಯವನ್ನು ಹೇಳುವ ಆ ಶಾಸನದಲ್ಲಿಯೇ, ತನ್ನ ತಾಯಿ ಅಬ್ಬಣಬ್ಬೆಯು ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳೆಂದು ಅವನು ಮರೆಯದೆ ಹೇಳಿಸಿದನು. ತವರಿನಿಂದ ಅಷ್ಟು ದೂರದಲ್ಲಿ, ಜಿನಬಿಂಬದ ಎದುರಿನಲ್ಲಿ, ಮಗನು ತಾಯಿಯನ್ನೂ ಅವಳ ಅಜ್ಜನನ್ನೂ ನೆನೆದನು. ಸಾವಿರ ವರ್ಷದ ಮೇಲೆಯೂ ಆ ಹೆಸರುಗಳು ಉಳಿದಿವೆ. ಹಿರಿಯರಿಗೆ ತಮ್ಮ ನೆನಪು ಜಾರುವಾಗ ಅದನ್ನು ಅವರ ಪರವಾಗಿ ಹಿಡಿದಿಡುವವರು ಮಕ್ಕಳೇ. ಅವರ ಧಾರಣೆ ಸಡಿಲಾದಲ್ಲಿ ಸಮಾಜವೇ ಧಾರಣೆಯಾಗಬೇಕು. ಮಂಟಪ ಬಿಚ್ಚಿದ ಮರುದಿನ ಬೆಳಿಗ್ಗೆ, ಬಸದಿಗೆ ಬರುವುದನ್ನು ನಿಲ್ಲಿಸಿದ ಹಿರಿಯರೊಬ್ಬರ ಬಾಗಿಲಿಗೆ ಹೋಗಿ, ತನ್ನ ಹೆಸರನ್ನು ತಾನೇ ಹೇಳಿ, ‘ಬರ್ರಿ, ಬಸದಿಗೆ ಹೋಗೂಣು’ ಎಂದು ಕರೆಯುವ ಶ್ರಾವಕನು ಪ್ರತಿಯೊಂದು ಓಣಿಯಲ್ಲಿಯೂ ಹೊರಡಲಿ.

ಜಯ ಜಿನೇಂದ್ರ.